ಮಾವ ಕೊಟ್ಟ ಗ್ರಾಫಿಕ್ಸ್ ಕಾರ್ಡ್

ಎಕ್ಸ್‌ಪರ್ಟ್ ಕಂಪ್ಯೂಟರಿನ ಪವರ್ ಬಟನ್ ಒತ್ತಿದಳು. ಸಿಪಿಯು ಒಳಗೆ ಫ್ಯಾನ್ ಗುರ್ರೆಂದು ತಿರುಗಿತು. ಮುಂದಿನ ನೀಲಿ ಲೈಟು ಹತ್ತಿತು. ಕೀಬೋರ್ಡಿನ ಮೂಲೆಯಲ್ಲೂ ಒಂದು ಚುಕ್ಕಿ ಬೆಳಗಿತು. ಬೆಳಗದೇ ಉಳಿದದ್ದು ಸ್ಕ್ರೀನ್ ಒಂದೇ.

"ಈಗ ಬರುತ್ತೆ," ಎಂದಳು ಎಕ್ಸ್‌ಪರ್ಟ್. ಕೋಣೆಯಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ. ತನಗೆ ತಾನೇ ಧೈರ್ಯ ಹೇಳಿಕೊಳ್ಳುವಾಗಲೂ ಅವಳು ಎಕ್ಸ್‌ಪರ್ಟ್ ಧ್ವನಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಬರಲಿಲ್ಲ. ಕಪ್ಪು ಸ್ಕ್ರೀನಿನ ನಡುವೆ 'ನೋ ಸಿಗ್ನಲ್' ಎಂಬ ಪುಟ್ಟ ಡಬ್ಬಿಯೊಂದು ಮೂಡಿ, ಆ ಕಡೆಯಿಂದ ಈ ಕಡೆಗೆ ಆರಾಮಾಗಿ ವಾಕಿಂಗ್ ಹೊರಟಿತು. ಸ್ವಲ್ಪ ಹೊತ್ತಿಗೆ ಬೇಜಾರಾಗಿ ಅದೂ ಮಾಯವಾಯಿತು.

ಐದನೇ ಕ್ಲಾಸಿನ ಈ ಹುಡುಗಿಗೆ ಎಕ್ಸ್‌ಪರ್ಟ್ ಎಂಬ ಹೆಸರು ಹೇಗೆ ಬಂತು ಎಂದು ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಒಂದು ದಿನ ಪಕ್ಕದ ಮನೆ ಆಂಟಿಯ ಟಿವಿ ಆನ್ ಆಗಲಿಲ್ಲ. ಅಂಕಲ್ ಟಿವಿಯ ಬೆನ್ನು ತಟ್ಟಿದರು, ಹೊಟ್ಟೆ ತಟ್ಟಿದರು, ಕೊನೆಗೆ ಹೊಸ ಟಿವಿ ತರುವ ಮಾತಿಗೂ ಬಂದರು. ಸುಮ್ಮನೆ ನೋಡುತ್ತ ನಿಂತಿದ್ದ ಇವಳು ರಿಮೋಟ್ ಎತ್ತಿಕೊಂಡಳು. ಒಳಗೆ ಬ್ಯಾಟರಿ ತಲೆಕೆಳಗಾಗಿ ಕೂತಿತ್ತು. ತಿರುಗಿಸಿ ಹಾಕಿದಳು, ಟಿವಿ ಹಾಡಿತು. ಅಂದಿನಿಂದ ಬಿಲ್ಡಿಂಗಿಗೆಲ್ಲ ಅವಳು ಎಕ್ಸ್‌ಪರ್ಟ್.

ಆಮೇಲೆ ಯಾರ ಮನೆಯ ಫೋನ್ ಮುಷ್ಕರ ಹೂಡಿದರೂ ಅವಳಿಗೇ ಕರೆ ಬರುತ್ತಿತ್ತು. ಅವಳು ಹೋಗಿ, ಹುಬ್ಬು ಗಂಟಿಕ್ಕಿ, ಒಮ್ಮೆ 'ಹೂಂ' ಎಂದು, ಆಫ್ ಮಾಡಿ ಆನ್ ಮಾಡುತ್ತಿದ್ದಳು. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು. ಸರಿಹೋಗದಿದ್ದರೆ 'ಇದಕ್ಕೆ ಪಾರ್ಟ್ಸ್ ಬೇಕು' ಎಂದು ಹೇಳಿ ಮನೆಗೆ ಬರುತ್ತಿದ್ದಳು. ತನ್ನ ವಿದ್ಯೆಯೆಲ್ಲ ಇಷ್ಟೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರಿಗೆ ಗೊತ್ತಾಗಬಾರದು, ಅಷ್ಟೇ.

ಈಗಲೂ ಆಫ್ ಮಾಡಿ ಆನ್ ಮಾಡಿದಳು. ಫ್ಯಾನ್ ಮತ್ತೆ ಗುರ್ರೆಂದಿತು. ಡಬ್ಬಿ ಮತ್ತೆ ವಾಕಿಂಗ್ ಮುಗಿಸಿ ಹೋಯಿತು. ಕಪ್ಪು ಗಾಜಿನಲ್ಲಿ ಅವಳ ಮುಖವೇ ಅವಳಿಗೆ ಕಾಣಿಸಿತು. ಅಷ್ಟೇನೂ ಎಕ್ಸ್‌ಪರ್ಟ್ ಮುಖ ಆಗಿರಲಿಲ್ಲ ಅದು.

ಕಂಪ್ಯೂಟರ್ ಅಣ್ಣನದು. ಅಣ್ಣ ಕಾಲೇಜಿನಲ್ಲಿ ಕಟ್ಟಡಗಳ ಡ್ರಾಯಿಂಗ್ ಕಲಿಯುತ್ತಿದ್ದ. ಕಂಪ್ಯೂಟರಿನೊಳಗೇ ಅವನೊಂದು ಲೈಬ್ರರಿ ಕಟ್ಟಿದ್ದ. ಅದಕ್ಕೆ ಮೆಟ್ಟಿಲು, ಕಿಟಕಿ, ಕಪಾಟು ಎಲ್ಲ ಇದ್ದವು. ಅದರೊಳಗೆ ನಾವೇ ನಡೆದು ಹೋದಂತೆ ಕಾಣುವ ಒಂದು ವಿಡಿಯೋ ಮಾಡಿ ಸೋಮವಾರ ಕಾಲೇಜಿನಲ್ಲಿ ತೋರಿಸಬೇಕಿತ್ತು. ಆದರೆ ಹಳೇ ಕಂಪ್ಯೂಟರಿಗೆ ಅಷ್ಟು ತಾಕತ್ತಿಲ್ಲ. ಲೈಬ್ರರಿಯನ್ನು ಒಂದು ಸಲ ಎಡಕ್ಕೆ ತಿರುಗಿಸಲು ಹೇಳಿ ಅಣ್ಣ ಸ್ನಾನ ಮಾಡಿ ಬಂದರೆ, ಅದು ಇನ್ನೂ ಯೋಚನೆ ಮಾಡುತ್ತಿರುತ್ತಿತ್ತು. ಚಿತ್ರಗಳ ಕೆಲಸವನ್ನೇ ನೋಡಿಕೊಳ್ಳಲು ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಮಾತ್ರ ಇದು ಓಡುತ್ತೆ ಎಂದು ಅಣ್ಣ ಹೇಳುತ್ತಲೇ ಇದ್ದ.

ಆ ಕಾರ್ಡು ತಂದುಕೊಟ್ಟವನು ಮಾವ.

ಈ ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಅಮ್ಮನ ತಮ್ಮ. ಫೋಟೋ ಸ್ಟುಡಿಯೋದಲ್ಲಿ ಕೆಲಸ. ಕೊಡುವುದರಲ್ಲಿ ಎತ್ತಿದ ಕೈ. ಕಷ್ಟವೇನೆಂದರೆ ಅವನು ಕೊಟ್ಟ ಯಾವ ವಸ್ತುವೂ ನೆಟ್ಟಗೆ ನಡೆದದ್ದಿಲ್ಲ. ಅವನು ತಂದ ಗೋಡೆ ಗಡಿಯಾರ ಗೋಡೆಯ ಮೇಲೆ ನಡೆಯುತ್ತಿರಲಿಲ್ಲ. ಅಂಗಾತ ಮಲಗಿಸಿದರೆ ಮಾತ್ರ ನಡೆಯುತ್ತಿತ್ತು. ಟಾರ್ಚು ಕಪಾಳಕ್ಕೆ ಒಂದು ತಿಂದರೆ ಹತ್ತುತ್ತಿತ್ತು. ಛತ್ರಿ ಬಿಚ್ಚಿದ ಮೇಲೆ ಮುಚ್ಚುತ್ತಲೇ ಇರಲಿಲ್ಲ. ಅಪ್ಪ ಅದನ್ನು ಹಿಡಿದು ಬಸ್ಸು ಹತ್ತಲು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ. ಅದೂ ತಾನೇ ಓಡಿಸಬೇಕಾದ ಬಸ್ಸು.

ಹೀಗಾಗಿ ಆ ಮನೆಯಲ್ಲಿ ಕೈಕೊಟ್ಟ ವಸ್ತುವಿಗೆಲ್ಲ 'ಮಾವನ ಗಿಫ್ಟ್' ಎಂದೇ ಹೆಸರು. ನಲ್ಲಿ ತೊಟ್ಟಿಕ್ಕಿದರೆ ಅದು ಮಾವನ ಗಿಫ್ಟ್. ಅಮ್ಮನ ಹೊಲಿಗೆ ಮಿಷನ್ನಿನ ಸೂಜಿ ಮುರಿದರೂ ಮಾವನ ಗಿಫ್ಟ್. ಮಾವನ ಎದುರಿಗೇ ಹೀಗೆ ಹೇಳುತ್ತಿದ್ದರು, ಅವನೂ ನಗುತ್ತಿದ್ದ.

ಸ್ಟುಡಿಯೋಗೆ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದರಲ್ಲಿದ್ದ ಕಾರ್ಡನ್ನು ಮಾವ ಕೇಳಿ ತೆಗೆದುಕೊಂಡು, ಮೆತ್ತನೆ ಬಟ್ಟೆಯಲ್ಲಿ ಸುತ್ತಿ ನಿನ್ನೆ ಸಂಜೆ ತಂದಿದ್ದ. "ಇದು ಮಾತ್ರ ಗಟ್ಟಿ ಮಾಲು. ನಾನೇ ಟೆಸ್ಟ್ ಮಾಡಿದ್ದೀನಿ. ನಾಳೆ ಸಂಜೆ ಬಂದು ಹಾಕಿಕೊಡ್ತೀನಿ," ಎಂದಿದ್ದ. ಇದನ್ನೂ ಅಂಗಾತ ಮಲಗಿಸಬೇಕಾ ಎಂದು ಅಮ್ಮ ಕೇಳಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಸಂಜೆವರೆಗೆ ಕಾಯುವವಳಾದರೆ ಅವಳು ಎಕ್ಸ್‌ಪರ್ಟ್ ಹೇಗಾದಾಳು? ಕಾರ್ಡ್ ಹಾಕುವುದು ಹೇಗೆ ಎಂದು ಫೋನಿನಲ್ಲಿ ಒಂದು ವಿಡಿಯೋದ ಮೊದಲರ್ಧ ನೋಡಿದ್ದಳು. ಉಳಿದರ್ಧ ಬೇಕಾಗಲಿಕ್ಕಿಲ್ಲ ಅನ್ನಿಸಿತ್ತು. ಅಣ್ಣ ಫ್ರೆಂಡ್ ಮನೆಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಕಾರ್ಡ್ ಹಾಕಿಟ್ಟು, ಏನೂ ಆಗದವಳ ಹಾಗೆ ಪುಸ್ತಕ ಹಿಡಿದು ಕೂತಿರುವುದು ಅವಳ ಪ್ಲಾನ್. ಏನೂ ಆಗದವಳ ಮುಖವನ್ನು ಕನ್ನಡಿ ಮುಂದೆ ಪ್ರ್ಯಾಕ್ಟೀಸ್ ಕೂಡ ಮಾಡಿಕೊಂಡಿದ್ದಳು.

ಕೆಲಸವನ್ನೇನೋ ಅವಳು ಅಚ್ಚುಕಟ್ಟಾಗಿಯೇ ಮಾಡಿದ್ದಳು. ಮೊದಲು ಗೋಡೆಯಿಂದ ಪ್ಲಗ್ ಕಿತ್ತಿದ್ದಳು. ಆಮೇಲೆ ಸಿಪಿಯು ಬೆನ್ನ ಹಿಂದಿನ ಕೇಬಲ್ಲುಗಳನ್ನು ಬಿಚ್ಚಬೇಕು. ಅಲ್ಲಿ ಅವಳಿಗೆ ಅಮ್ಮನ ಪಾಠ ನೆನಪಾಯಿತು.

ಅಮ್ಮ ಮುಂದಿನ ಕೋಣೆಯಲ್ಲಿ ಬಟ್ಟೆಗಳ ಆಲ್ಟ್ರೇಶನ್ ಮಾಡುತ್ತಿದ್ದಳು. ಯಾರದೋ ಕೋಟಿನ ತೋಳು ಬಿಚ್ಚುವ ಮುಂಚೆ ತೋಳಿಗೊಂದು, ಹೆಗಲಿಗೊಂದು ಒಂದೇ ಬಣ್ಣದ ದಾರದ ಗುರುತು ಹಾಕುತ್ತಿದ್ದಳು. ಎಡಗೈ ಬಲಕ್ಕೆ ಹೋಗಬಾರದಲ್ಲ. ಬಿಚ್ಚಿದ್ದು ಬಿಚ್ಚಿದ ಜಾಗಕ್ಕೇ ಹೋಗಬೇಕು ಎಂದು ಅಮ್ಮ ಹೇಳುತ್ತಲೇ ಇರುತ್ತಿದ್ದಳು. ಎಕ್ಸ್‌ಪರ್ಟ್ ಅಮ್ಮನ ಡಬ್ಬಿಯಿಂದ ದಾರದ ತುಂಡುಗಳನ್ನು ತಂದು, ಕೀಬೋರ್ಡಿನ ಕೇಬಲ್ಲಿಗೆ ಹಸಿರು, ಅದರ ತೂತಿನ ಪಕ್ಕ ಟೇಪಿನಲ್ಲಿ ಅಂಟಿಸಿ ಹಸಿರು, ಮೌಸಿಗೆ ಹಳದಿ, ಮಾನಿಟರಿಗೆ ಕೆಂಪು ಎಂದು ಗುರುತು ಮಾಡಿದ್ದಳು. ಕಾರ್ಡನ್ನು ಒಳಗಿನ ಉದ್ದ ಸೀಳಿನಲ್ಲಿ 'ಟಕ್' ಅನ್ನುವವರೆಗೆ ಕೂರಿಸಿ, ಸ್ಕ್ರೂ ಬಿಗಿದು, ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಸೇರಿಸಿದ್ದಳು. ತನ್ನ ಕೆಲಸ ನೋಡಿ ತನಗೇ ಖುಷಿಯಾಗಿ ಒಂದು ಫೋಟೋ ಕೂಡ ತೆಗೆದಿದ್ದಳು.

ಫೋಟೋದಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಸ್ಕ್ರೀನಿನಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ನಿದ್ದೆ ಮುಗಿಸಿದ ಅಪ್ಪ ಆಕಳಿಸುತ್ತ ಬಂದು ಬಾಗಿಲಲ್ಲಿ ನಿಂತ. ಒಂದು ಕ್ಷಣ ಕಿವಿಗೊಟ್ಟು ಕೇಳಿದ. ಎಂಜಿನ್ ಚೆನ್ನಾಗಿದೆ, ಹೆಡ್‌ಲೈಟ್ ಹೋಗಿದೆ ಅಷ್ಟೇ ಎಂದು ತೀರ್ಪು ಕೊಟ್ಟ. ಬಸ್ಸಿನಲ್ಲಿ ಹೀಗಾದರೆ ಏನು ಮಾಡುತ್ತೀಯ ಎಂದು ಅವಳು ಕೇಳಿದಳು. ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕಾಫಿ ಕುಡೀತೀನಿ ಎಂದು ಹೇಳಿ ಅಪ್ಪ ಕಾಫಿ ಮಾಡಲು ಹೋದ.

ಎಕ್ಸ್‌ಪರ್ಟ್‌ಗೆ ನಗು ಬರಲಿಲ್ಲ. ಅಣ್ಣನ ಲೈಬ್ರರಿ ಒಳಗೇ ಇದೆಯಾ? ಅಥವಾ ಕಿಟಕಿ, ಮೆಟ್ಟಿಲು, ಕಪಾಟು ಎಲ್ಲ ಅಳಿಸಿಹೋಗಿ ಹೀಗೆ ಕಪ್ಪಾಗಿದೆಯಾ? ಬಿಲ್ಡಿಂಗಿನ ಎಕ್ಸ್‌ಪರ್ಟ್‌ಗೆ ಇದೊಂದು ಸಣ್ಣ ವಿಷಯವೂ ಗೊತ್ತಿರಲಿಲ್ಲ.

ಕೊನೆಗೆ ಅವಳು ಪ್ಲಗ್ ಕಿತ್ತು, ಕಾರ್ಡನ್ನು ಹೊರಗೆ ತೆಗೆದು, ಕಂಪ್ಯೂಟರನ್ನು ಮೊದಲಿದ್ದ ಹಾಗೇ ಮಾಡಿ ಆನ್ ಮಾಡಿದಳು. ಸ್ಕ್ರೀನ್ ಬಂತು. ಅಣ್ಣನ ಫೈಲುಗಳು ಸಾಲಾಗಿ ನಿಂತಿದ್ದವು. ಲೈಬ್ರರಿ ತೆರೆದು ನೋಡಿದಳು, ಮೆಟ್ಟಿಲು ಸಹಿತ ಕ್ಷೇಮವಾಗಿತ್ತು. ಅವಳಿಗೆ ಹೋದ ಜೀವ ಬಂದ ಹಾಗಾಯಿತು.

ಮತ್ತೆ ಕಾರ್ಡ್ ಹಾಕಿದಳು. ಕಪ್ಪು. ತೆಗೆದಳು. ಬೆಳಕು. ಇನ್ನೊಂದು ಸಲ ಹಾಕಿದಳು. ಕಪ್ಪೋ ಕಪ್ಪು.

ಇನ್ನೇನು ಬೇಕು ಸಾಕ್ಷಿ? ಅವಳು ಮಾವನಿಗೆ ಫೋನ್ ಮಾಡಿದಳು.

ಮಾವ ಬೈಯಲಿಲ್ಲ. ನನ್ನ ಕಾಯಬಾರದಿತ್ತಾ ಎಂದೂ ಕೇಳಲಿಲ್ಲ. ಒಂದೊಂದಾಗಿ ವಿಚಾರಿಸಿದ. ಕಾರ್ಡ್ ಪೂರ್ತಿ ಕೂತಿದೆಯಾ? ಕೂತಿದೆ. ಟಕ್ ಅಂತಾ? ಅಂತು. ಕಾರ್ಡಿನ ಫ್ಯಾನ್ ತಿರುಗುತ್ತಾ? ತಿರುಗುತ್ತೆ.

"ಮಾನಿಟರ್ ಕೇಬಲ್ ಸರಿಯಾದ ಜಾಗಕ್ಕೆ ಹಾಕಿದ್ದೀಯ ತಾನೆ?"

"ಸರಿಯಾದ ಜಾಗಕ್ಕೇ ಮಾವ. ದಾರದ ಗುರುತು ಮಾಡಿ ಹಾಕಿದ್ದೀನಿ. ತಪ್ಪೋ ಚಾನ್ಸೇ ಇಲ್ಲ."

"ಕಾರ್ಡ್ ತೆಗೆದ್ರೆ ಸ್ಕ್ರೀನ್ ಬರುತ್ತೆ ಅಂತೀಯ."

"ಹೂಂ. ಹಾಕಿದ್ರೆ ಬರಲ್ಲ."

ಆ ಕಡೆ ಸ್ಟುಡಿಯೋದಲ್ಲಿ ಯಾರೋ ಮಗುವನ್ನು ನಗಿಸಲು ಗಿಲಕಿ ಆಡಿಸುತ್ತಿದ್ದುದು ಕೇಳಿಸಿತು. ಮೊನ್ನೆವರೆಗೂ ಚೆನ್ನಾಗಿತ್ತು, ಬ್ರಶ್ ಹಾಕಿ ಧೂಳು ಕೂಡ ತೆಗೆದಿದ್ದೆ ಎಂದು ಮಾವ ತನಗೇ ಹೇಳಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ:

"ಅಮ್ಮನಿಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಹೇಳು, ಪರವಾಗಿಲ್ಲ. ಕಾರ್ಡ್ ಹೋಗಿದೆ ಅನ್ಸುತ್ತೆ. ಸಂಜೆ ಬಂದು ವಾಪಸ್ ತಗೊಂಡು ಹೋಗ್ತೀನಿ."

ಅವಳು ಅಮ್ಮನಿಗೆ ಹೇಳಿದಳು. ಅಮ್ಮ ಮಿಷನ್ ನಿಲ್ಲಿಸಿ, ಬಾಯಲ್ಲಿ ಹಿಡಿದಿದ್ದ ಗುಂಡುಪಿನ್ ತೆಗೆದಿಟ್ಟು, ಆಮೇಲೆ ಸಮಾಧಾನವಾಗಿ ನಕ್ಕಳು. ಗಟ್ಟಿ ಮಾಲು ಅಂದಿದ್ದನಲ್ಲ, ಅದಕ್ಕೇ ಅಲ್ಲಾಡ್ತಿಲ್ಲ ಎಂದಳು. ಅಡುಗೆಮನೆಯಿಂದ ಅಪ್ಪನೂ ನಕ್ಕ. ಕೇಳದೆ ಕಂಪ್ಯೂಟರ್ ಬಿಚ್ಚಿದ್ದಕ್ಕೆ ಅವಳಿಗೆ ಒಂದು ಮಾತೂ ಬೀಳಲಿಲ್ಲ. ಬೀಳಬೇಕಾದದ್ದೆಲ್ಲ ಮಾವನ ಮೇಲೆ ಬಿದ್ದು ಮುಗಿದಿತ್ತು.

ಎಕ್ಸ್‌ಪರ್ಟ್‌ಗೆ ಹಾಯೆನಿಸಿತು. ತನ್ನದೇನೂ ತಪ್ಪಿಲ್ಲ ಎಂದಾದರೆ ಯಾರಿಗೆ ತಾನೇ ಹಾಯೆನಿಸುವುದಿಲ್ಲ? ಅವಳು ಸೀಟಿ ಹಾಕುತ್ತ ಕಾರ್ಡನ್ನು ಬಿಚ್ಚಿ, ಮಾವ ಸುತ್ತಿ ತಂದಿದ್ದ ಬಟ್ಟೆಯಲ್ಲೇ ಮತ್ತೆ ಸುತ್ತತೊಡಗಿದಳು.

ಸುತ್ತುವಾಗ ಕಾರ್ಡಿನ ಅಂಚಿನಿಂದ ಒಂದು ಕಪ್ಪು ರಬ್ಬರ್ ಮುಚ್ಚಳ ಕಳಚಿ ಬಿತ್ತು. ಧೂಳು ಹೋಗದಿರಲಿ ಎಂದು ಮಾವ ಹಾಕಿದ್ದು. ಇಷ್ಟು ಹೊತ್ತೂ ಅವಳು ಅದನ್ನು ಕಾರ್ಡಿನ ಡಿಸೈನ್ ಅಂದುಕೊಂಡಿದ್ದಳು. ಮುಚ್ಚಳದ ಕೆಳಗೊಂದು ತೂತಿತ್ತು. ಅಗಲವಾಗಿ, ಕೆಳಗೆ ಸ್ವಲ್ಪ ಕಿರಿದಾಗಿ, ಎಲ್ಲೋ ನೋಡಿದ ಹಾಗಿದ್ದ ತೂತು.

ಅವಳು ಸಿಪಿಯು ಬೆನ್ನು ನೋಡಿದಳು. ಕೆಂಪು ದಾರದ ಪಕ್ಕ ಮಾನಿಟರ್ ಕೇಬಲ್ ಹೋಗುವ ತೂತು. ಕಾರ್ಡ್ ನೋಡಿದಳು. ಅದೇ ತೂತು. ಒಂದೇ ಅಳತೆ, ಒಂದೇ ಆಕಾರ.

ಸೀಟಿ ನಿಂತುಹೋಯಿತು.

ಚಿತ್ರ ಬಿಡಿಸುವ ಕೆಲಸವನ್ನು ಕಾರ್ಡ್ ವಹಿಸಿಕೊಂಡ ಮೇಲೆ ಚಿತ್ರ ಕಾರ್ಡಿನಿಂದಲೇ ಹೊರಗೆ ಬರಬೇಕಲ್ಲ? ಇವಳು ಕೇಬಲ್ಲನ್ನು ಹಳೇ ಬಾಗಿಲಿಗೆ ಕಟ್ಟಿಹಾಕಿ, ಹೊಸ ಬಾಗಿಲಿನಿಂದ ಬರುವವರಿಗೆ ಕಾಯುತ್ತ ಕೂತಿದ್ದಳು. ಅದೂ ಪ್ರತಿ ಸಲವೂ ದಾರ ನೋಡಿ, ಎರಡೆರಡು ಸಲ ಚೆಕ್ ಮಾಡಿ, ಸರಿಯಾಗಿ ತಪ್ಪು ಜಾಗಕ್ಕೇ ಹಾಕಿದ್ದಳು. ದಾರ ಕಟ್ಟದೆ ಕಣ್ಣು ಮುಚ್ಚಿ ಹಾಕಿದ್ದರೂ ಒಂದು ಸಲವಾದರೂ ಸರಿಹೋಗುತ್ತಿತ್ತೇನೋ.

ಕೂಡಲೇ ಪ್ಲಗ್ ಕಿತ್ತು, ಕಾರ್ಡ್ ಕೂರಿಸಿ, ಸ್ಕ್ರೂ ಬಿಗಿದು, ಕೆಂಪು ದಾರದ ಕೇಬಲ್ಲನ್ನು ಕಾರ್ಡಿನ ತೂತಿಗೆ ಸಿಕ್ಕಿಸಿ, ಬಟನ್ ಒತ್ತಿದಳು.

ಸ್ಕ್ರೀನ್ ಬೆಳಗಿತು. ಎಷ್ಟು ಚೆನ್ನಾಗಿ ಬೆಳಗಿತು ಎಂದರೆ ಅವಳಿಗೆ ಅಳು ಬಂತು. ಲೈಬ್ರರಿ ತೆರೆದು ಮೌಸ್ ಆಡಿಸಿದಳು. ಕಟ್ಟಡ ಬುಗುರಿಯ ಹಾಗೆ ತಿರುಗಿತು. ಮಾವ ಸುಳ್ಳು ಹೇಳಿರಲಿಲ್ಲ. ಅದು ಗಟ್ಟಿ ಮಾಲೇ ಆಗಿತ್ತು.

ಮಾವನಿಗೆ ಫೋನ್ ಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ಬಾಗಿಲು ದೂಡಿಕೊಂಡು ಅಣ್ಣ ಬಂದ. ಅಮ್ಮ ಹೊರಗೇ ಅವನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಮುಖ ಜೋಲು ಹಾಕಿಕೊಂಡು ಬಂದವನು ಸ್ಕ್ರೀನ್ ನೋಡಿ ಅಲ್ಲೇ ನಿಂತ. ಆಮೇಲೆ ಓಡಿಬಂದು ಲೈಬ್ರರಿಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿಸಿದ.

"ಅಮ್ಮಾ, ಬಾ ಇಲ್ಲಿ. ಹೋಗಿದ್ದ ಕಾರ್ಡನ್ನ ಇವಳು ರಿಪೇರಿ ಮಾಡಿಬಿಟ್ಟಿದ್ದಾಳೆ."

ಅಮ್ಮ ಬಂದಳು. ಲೋಟ ಹಿಡಿದು ಅಪ್ಪನೂ ಬಂದ. ಮಾವ ಕೆಡಿಸಿ ಕೊಟ್ಟಿದ್ದನ್ನು ಇವಳು ಸರಿಮಾಡಿದಳು ಎಂದು ಅಮ್ಮ ಅವಳ ಗಲ್ಲ ಹಿಂಡಿದಳು. ಇವಳನ್ನು ನಮ್ಮ ಡಿಪೋಗೆ ಕಳಿಸೋಣ ಎಂದ ಅಪ್ಪ. ಏನಾಗಿತ್ತು ಎಂದು ಅಣ್ಣ ಕೇಳಿದ.

ಹೇಳಲೆಂದು ಎಕ್ಸ್‌ಪರ್ಟ್ ಬಾಯಿ ತೆರೆದಳು. ಮೂರು ಜನ ಅವಳನ್ನೇ ನೋಡುತ್ತಿದ್ದರು. ಅಣ್ಣನ ಕಣ್ಣಲ್ಲಿ ಅವಳು ಎಂದೂ ಕಂಡಿರದ ಮರ್ಯಾದೆ ಇತ್ತು. ಅಣ್ಣನಿಂದ ಮರ್ಯಾದೆ ಸಿಗುವುದು ಎಷ್ಟು ಕಷ್ಟ ಎಂಬುದು ತಂಗಿಯರಿಗಷ್ಟೇ ಗೊತ್ತು.

"ಒಳಗಡೆ ಸ್ವಲ್ಪ ಲೂಸ್ ಇತ್ತು," ಎಂದಳು.

ಲೂಸ್ ಇದ್ದದ್ದು ಯಾರದು ಎಂದು ನಿಮಗೂ ಗೊತ್ತು, ಅವಳಿಗೂ ಗೊತ್ತು.

ಹೇಳಿದ ಮೇಲೆ ಅವಳಿಗೆ ಎಲ್ಲಿ ನಿಲ್ಲಬೇಕು ಎಂದೇ ತಿಳಿಯಲಿಲ್ಲ. ಏನೂ ಆಗದವಳ ಮುಖ ಎಷ್ಟು ಪ್ರ್ಯಾಕ್ಟೀಸ್ ಮಾಡಿದ್ದರೂ ಈಗ ಬರಲೊಲ್ಲದು. ಅಪ್ಪನ ಕಾಫಿ ಲೋಟ ತೊಳೆದಿಟ್ಟಳು. ಯಾರೂ ಹೇಳದಿದ್ದರೂ ನೆಲ ಗುಡಿಸಿದಳು. ಇವಳಿಗೆ ಮೈ ಹುಷಾರಿದೆಯಾ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಬೆಳಕು ಇರುವಾಗಲೇ ಮಾವ ಬಂದ. ಸ್ಟುಡಿಯೋದಲ್ಲಿ ಹೇಳಿ ಬೇಗ ಹೊರಟಿರಬೇಕು, ಅಂಗಿಯ ಬೆನ್ನೆಲ್ಲ ಬೆವರಿತ್ತು. ಕೈಯಲ್ಲಿ ಸ್ಕ್ರೂಡ್ರೈವರ್ ಪೆಟ್ಟಿಗೆ. ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು, ಕಾರ್ಡ್ ಕೊಟ್ಟುಬಿಡಿ, ಸೋಮವಾರದೊಳಗೆ ಬೇರೆ ಯಾರದಾದರೂ ಕೇಳಿ ತರುತ್ತೇನೆ ಎಂದ. ಮಾತಾಡುವಾಗ ಅಣ್ಣನ ಮುಖ ನೋಡಲಿಲ್ಲ, ಅವನ ಕಾಲು ನೋಡುತ್ತಿದ್ದ.

ಏನೂ ಬೇಡ, ನಮ್ಮ ಎಕ್ಸ್‌ಪರ್ಟ್ ಸರಿಮಾಡಿದಳು ಎಂದು ಅಣ್ಣ ಅವನ ಶೂ ಬಿಚ್ಚಿಸಿ ಒಳಗೆ ಎಳೆದುಕೊಂಡು ಹೋದ. ಸ್ಕ್ರೀನ್ ನೋಡಿ ಮಾವನ ಮುಖ ಅರಳಿತು. ಏನು ಸರಿಮಾಡಿದಳು ಎಂದು ಅವನಿಗೂ ಕುತೂಹಲ. ಬಗ್ಗಿ ಸಿಪಿಯು ಹಿಂದೆ ನೋಡಿದ.

ಅಲ್ಲಿ ಹಳೇ ತೂತಿನ ಪಕ್ಕ ಕೆಂಪು ದಾರ ಅಂಟಿಕೊಂಡಿತ್ತು. ತೂತು ಖಾಲಿ. ಕೆಂಪು ದಾರ ಕಟ್ಟಿದ ಕೇಬಲ್ ಕೆಳಗೆ ಹೊಸ ಕಾರ್ಡಿನಲ್ಲಿ ಕೂತಿತ್ತು. ಸ್ಟುಡಿಯೋದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾವ ತಲೆ ಎತ್ತಿ ಎಕ್ಸ್‌ಪರ್ಟ್ ಕಡೆ ನೋಡಿದ. ಎಕ್ಸ್‌ಪರ್ಟ್ ಸೀಲಿಂಗ್ ಫ್ಯಾನ್ ಕಡೆ ನೋಡಿದಳು.

"ಅಂತೂ ಇದೂ ನಿನ್ನ ಗಿಫ್ಟೇ ಆಗೋಯ್ತಲ್ಲೋ," ಎಂದಳು ಅಮ್ಮ.

"ನಾನು ಮುಟ್ಟಿದ್ದೆಲ್ಲ ಹಾಗೇ ಅಲ್ವಾ ಅಕ್ಕ," ಎಂದ ಮಾವ. "ಇವಳ ಕೈಗೆ ಬಂತು, ಸರಿಹೋಯ್ತು."

ಅವನು ನಕ್ಕ. ಎಲ್ಲರೂ ನಕ್ಕರು. ಎಕ್ಸ್‌ಪರ್ಟ್ ಮಾತ್ರ ನಗದೆ ಮಾವನನ್ನೇ ನೋಡುತ್ತಿದ್ದಳು. ಅವನು ಎಲ್ಲರಿಗಿಂತ ಮೊದಲು ನಗು ಶುರು ಮಾಡಿದ್ದ. ಅಮ್ಮನಾಗಲಿ ಅಪ್ಪನಾಗಲಿ ನಗುವ ಮುಂಚೆಯೇ ನಕ್ಕುಬಿಟ್ಟಿದ್ದ. ಅವರೆಲ್ಲ ಇನ್ನೂ ನಗುತ್ತಿರುವಾಗ ಅವನ ನಗು ಮುಗಿದು, ಬಾಯಿ ಮಾತ್ರ ಹಾಗೇ ಉಳಿದಿತ್ತು. ಸ್ಕ್ರೂಡ್ರೈವರ್ ಪೆಟ್ಟಿಗೆಯನ್ನು ತೆರೆಯದೆಯೇ ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಕಾರ್ಡ್ ಹೋಗಿರಲೇ ಇಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದಳು. "ಕಾರ್ಡ್ ಹೋಗಿರಲಿಲ್ಲ. ಮಾವ ಕೊಟ್ಟಿದ್ದು ಚೆನ್ನಾಗೇ ಇತ್ತು. ನಾನೇ ಕೇಬಲ್ಲನ್ನ ತಪ್ಪು ಜಾಗಕ್ಕೆ ಹಾಕಿದ್ದೆ."

ನಗು ನಿಂತಿತು. ಹಾಗೆ ನಿಂತಾಗ ಕೋಣೆ ತುಂಬ ದೊಡ್ಡದಾಗಿ ಕಂಡಿತು. ಶುರು ಮಾಡಿದ ಮೇಲೆ ಮುಗಿಸಲೇಬೇಕಲ್ಲ, ಅವಳು ಎಲ್ಲ ಹೇಳಿದಳು. ಅರ್ಧ ನೋಡಿದ ವಿಡಿಯೋ, ಡಿಸೈನ್ ಅಂದುಕೊಂಡ ಮುಚ್ಚಳ, ತಪ್ಪೋ ಚಾನ್ಸೇ ಇಲ್ಲ ಎಂದು ಮಾವನಿಗೆ ಕೊಟ್ಟ ಗ್ಯಾರಂಟಿ, ಒಂದನ್ನೂ ಬಿಡಲಿಲ್ಲ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂದು ತೋರಿಸಲು ಸಿಪಿಯು ಬೆನ್ನು ಈ ಕಡೆ ತಿರುಗಿಸಿದಳು. ಅಚ್ಚುಕಟ್ಟಾಗಿ ಮಾಡಿದ್ದೇನೆ ಎಂದು ತೆಗೆದ ಫೋಟೋವನ್ನೂ ತೋರಿಸಿದಳು. ಫೋಟೋದಲ್ಲಿ ತಪ್ಪು ಎಷ್ಟು ಸ್ಪಷ್ಟವಾಗಿ ಬಂದಿತ್ತು ಎಂದರೆ ಪಾಠ ಹೇಳಿಕೊಡಲೆಂದೇ ತೆಗೆದ ಹಾಗಿತ್ತು.

ಅಣ್ಣ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಅವನ ಕಣ್ಣಿನ ಮರ್ಯಾದೆ ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಯಿತು. "ಪ್ರತಿ ಸಲಾನೂ ಹುಡುಕಿ ಹುಡುಕಿ ಅಲ್ಲಿಗೇ ಹಾಕಿದ್ಯಾ?" ಎಂದು ಕೇಳಿದ.

"ಎರಡೆರಡು ಸಲ ಚೆಕ್ ಮಾಡಿ ಹಾಕಿದೆ," ಎಂದಳು ಎಕ್ಸ್‌ಪರ್ಟ್.

ಮೊದಲು ನಕ್ಕವನು ಅಪ್ಪ. ಕಾಫಿ ಇರಲಿಲ್ಲ, ಪುಣ್ಯ, ಇದ್ದಿದ್ದರೆ ಮೂಗಿಗೆ ಹತ್ತುತ್ತಿತ್ತು. ಆಮೇಲೆ ಅಣ್ಣ ಹೊಟ್ಟೆ ಹಿಡಿದುಕೊಂಡು ಕೂತ. ಅಮ್ಮ ನಗುತ್ತ ನಗುತ್ತ, ದಾರದ ಬುದ್ಧಿ ಕಲಿಸಿದವಳು ನಾನೇ ತಾನೆ ಎಂದು ಕಣ್ಣೊರೆಸಿಕೊಂಡಳು. ಹಿಂದೊಮ್ಮೆ ಒಬ್ಬರು ಪ್ಯಾಂಟಿನ ಸೊಂಟ ಬಿಗಿಯಾಗಿದೆ, ದೊಡ್ಡದು ಮಾಡಿ ಎಂದು ಕೊಟ್ಟಿದ್ದರಂತೆ. ಅಮ್ಮ ಗುರುತು ಹಾಕಿ, ಹೊಲಿಗೆಯೆಲ್ಲ ಬಿಚ್ಚಿ, ಮತ್ತೆ ಅದೇ ಗುರುತಿನ ಮೇಲೆ ಅಷ್ಟೇ ಚಂದವಾಗಿ ಹೊಲಿದು ವಾಪಸ್ ಕೊಟ್ಟಿದ್ದಳಂತೆ. ಪಾಪ, ಅವರು ತಾನೇ ಇನ್ನೂ ದಪ್ಪ ಆದೆ ಅಂದುಕೊಂಡು ಊಟ ಬಿಟ್ಟಿದ್ದರು ಎಂದಳು ಅಮ್ಮ.

ಎಕ್ಸ್‌ಪರ್ಟನ್ನು ನೋಡಿ ಇಷ್ಟು ಜನ ಒಟ್ಟಿಗೆ ನಕ್ಕದ್ದು ಇದೇ ಮೊದಲು. ಕಿವಿ ಬಿಸಿಯಾಯಿತು. ಮೊದಲು ಸ್ವಲ್ಪ ಚುಚ್ಚಿತು, ಸ್ವಲ್ಪ ಅಲ್ಲ, ಚೆನ್ನಾಗಿಯೇ ಚುಚ್ಚಿತು. ಪ್ಯಾಂಟಿನ ಕತೆ ಬರುವಷ್ಟರಲ್ಲಿ ಅವಳಿಗೂ ನಗು ತಡೆಯಲಾಗಲಿಲ್ಲ. ತಿರುಗಿ ನೋಡಿದರೆ ಮಾವ ಗೋಡೆಗೆ ಒರಗಿಕೊಂಡು ನಗುತ್ತಿದ್ದ. ಅವನ ನಗು ಎಲ್ಲರಿಗಿಂತ ಕೊನೆಗೆ ಶುರುವಾಗಿತ್ತು, ನಿಲ್ಲುವ ಹಾಗೇ ಕಾಣುತ್ತಿರಲಿಲ್ಲ.

ನಗು ಮುಗಿದ ಮೇಲೆ ಅಮ್ಮ ಅವಳನ್ನು ಪಕ್ಕಕ್ಕೆ ಕರೆದು, ಕೇಳದೆ ಬಿಚ್ಚಿದ್ದಕ್ಕೆ ಬೀಳಬೇಕಾದ ಮಾತನ್ನೂ ಬೀಳಿಸಿದಳು. ಅದನ್ನೆಲ್ಲ ಇಲ್ಲಿ ಬರೆದರೆ ಎಕ್ಸ್‌ಪರ್ಟ್ ಬೇಜಾರು ಮಾಡಿಕೊಳ್ಳುತ್ತಾಳೆ.

ಮಾವ ಅಣ್ಣನ ಪಕ್ಕ ಕೂತು, ಕಾರ್ಡ್ ಪೂರ್ತಿ ಕೆಲಸ ಮಾಡಲು ಇನ್ನೇನೇನು ಬೇಕೋ ಅದನ್ನೆಲ್ಲ ಹಾಕಿಕೊಟ್ಟ. ಲೈಬ್ರರಿಯ ಮೆಟ್ಟಿಲು ಹತ್ತಿ, ಕಪಾಟುಗಳ ನಡುವೆ ನಡೆದು, ಕಿಟಕಿಯವರೆಗೆ ಹೋಗಿ ನಿಲ್ಲುವ ವಿಡಿಯೋ ಶುರುವಾಯಿತು. ಅಣ್ಣ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಒಳ್ಳೇ ಕಾರ್ಡ್ ಮಾವ ಎಂದು ಮೂರು ನಾಲ್ಕು ಸಲ ಹೇಳಿದ. ಸುಮಾರಾಗಿದೆ ಅಷ್ಟೇ ಎಂದು ಮಾವ ಹೇಳಿದ್ದನ್ನು ಯಾರೂ ನಂಬಲಿಲ್ಲ.

ಹೊರಡುವಾಗ ಎಕ್ಸ್‌ಪರ್ಟ್ ಅವನ ಹಿಂದೆ ಬಾಗಿಲವರೆಗೆ ಹೋದಳು. ಮಾವ ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ತಲೆ ಎತ್ತದೆಯೇ ಕೇಳಿದ:

"ಹೇಳದೇ ಇದ್ದಿದ್ರೂ ನಡೀತಿತ್ತಲ್ಲ. ನಾನೂ ಸುಮ್ನಿದ್ದೆ."

"ನಡೀತಿತ್ತು."

"ಮತ್ಯಾಕೆ ಹೇಳ್ದೆ?"

ಅವಳು ಯೋಚಿಸಿದಳು. ಒಳಗೆ ಅಣ್ಣ ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿ ಅಪ್ಪನಿಗೆ ತೋರಿಸುತ್ತಿದ್ದ.

"ನೀನು ಎಲ್ಲರಿಗಿಂತ ಮೊದಲೇ ನಕ್ಕುಬಿಟ್ಟೆ ಮಾವ," ಎಂದಳು.

ಮಾವನ ಕೈ ಲೇಸಿನ ಮೇಲೆ ಹಾಗೇ ನಿಂತಿತು. ಈ ಸಲ ಅವನು ನಗಲಿಲ್ಲ. ತಮಾಷೆಯ ಮಾತೂ ಆಡಲಿಲ್ಲ. ಸ್ವಲ್ಪ ಸರಿದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಜಾಗ ಮಾಡಿದ. ಅವಳು ಕೂತಳು. ಹೊರಡಬೇಕಾದವನು ಹೊರಡಲಿಲ್ಲ, ಒಳಗೆ ಹೋಗಬೇಕಾದವಳು ಹೋಗಲಿಲ್ಲ.